ಕತ್ತರಿ ಅತ್ತೆಯ ಕಿಟಕಿ

ಕತ್ತರಿ ಅತ್ತೆಯನ್ನು ಕೆಣಕಿದವರು ಆಮೇಲೆ ತಮ್ಮ ಬಟ್ಟೆಗಳನ್ನು ಬೇರೆ ಕಡೆ ಕೊಡುವುದು ವಾಸಿ. ಒಮ್ಮೆ ಒಬ್ಬ ದೊಡ್ಡ ಮನುಷ್ಯ ಮೆಟ್ಟಿಲ ಬುಡದಲ್ಲಿ ನಿಂತು, ಏಯ್ ದರ್ಜಿ, ಆಯ್ತೇನೇ ನನ್ನ ಪ್ಯಾಂಟು ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದ್ದ. ಪ್ಯಾಂಟು ಹೇಳಿದ ಹೊತ್ತಿಗೆ ತಯಾರಾಯಿತು. ಸೊಂಟ ಸರಿ, ಉದ್ದ ಸರಿ, ಇಸ್ತ್ರಿಯ ಗೆರೆ ಮುಟ್ಟಿದರೆ ಕುಯ್ಯುವಂತಿತ್ತು. ಜೇಬುಗಳ ಬಾಯಿ ಮಾತ್ರ ಕಣ್ಣಿಗೆ ಕಾಣದ ಹೊಲಿಗೆಯಲ್ಲಿ ಮುಚ್ಚಿಹೋಗಿತ್ತು. ಆ ಮನುಷ್ಯ ಯಾವುದೋ ಸಭೆಯಲ್ಲಿ ಕರವಸ್ತ್ರ ತೆಗೆಯಲು ಹೋಗಿ, ಕೈ ಒಳಗೆ ಇಳಿಯದೆ, ಭಾಷಣ ಮರೆತು ತನ್ನ ತೊಡೆಯನ್ನೇ ಸವರುತ್ತ ನಿಂತಿದ್ದನಂತೆ. ಜಗಳಕ್ಕೆ ಬಂದಾಗ ಅತ್ತೆ ತಲೆ ಎತ್ತದೆ ಹೇಳಿದಳು: “ಮುಚ್ಚಬೇಕಾದ ಬಾಯಿ ನನ್ನ ಕೈಗೆ ಎಟುಕಲಿಲ್ಲ. ಎಟುಕಿದ್ದನ್ನ ಮುಚ್ಚಿದೆ.”

ಅತ್ತೆ ಎಂಬುದು ತಮ್ಮನ ಮಗಳಿಂದ ಬಂದ ಸಂಬಂಧ, ಕತ್ತರಿ ಎಂಬುದು ಗಂಡನ ಮನೆಯಿಂದ ಬಂದ ಬಿರುದು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಸಾಲಿನಲ್ಲಿ ಕೂತು ಕೈ ಪಳಗಿಸಿಕೊಂಡವಳು. ಮದುವೆಯಾಯಿತು. ಗಂಡ ಕೈ ಎತ್ತಿದ. ಒಮ್ಮೆ ಸಹಿಸಿದಳು. ಮತ್ತೆ ಎತ್ತಿದ ದಿನ, ಅವನು ಕೆಲಸಕ್ಕೆ ಹೋದ ಮೇಲೆ, ಅವನ ಅಂಗಿಗಳ ಬಲತೋಳುಗಳನ್ನೆಲ್ಲ ಭುಜದ ಹೊಲಿಗೆಗೆ ಸರಿಯಾಗಿ ಕತ್ತರಿಸಿ, ಮಡಿಸಿ, ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿಟ್ಟು, ಹೊಲಿಗೆ ಮಷೀನನ್ನು ಗಾಡಿಗೆ ಏರಿಸಿಕೊಂಡು ತಮ್ಮನ ಮನೆಗೆ ಬಂದುಬಿಟ್ಟಳು. ತನ್ನ ಸಂಸಾರದ ಬಗ್ಗೆ ಅವಳು ಹೇಳುವುದು ಇಷ್ಟೇ: ಹೊಡೆದ, ಬಂದೆ.

ಆಗ ತಮ್ಮನ ಮಗಳು ಹಸುಗೂಸು. ತಮ್ಮನು ಗೋದಾಮಿನಲ್ಲಿ ಸೂಪರ್‌ವೈಸರ್. ಅವನ ಹೆಂಡತಿ ಹಲ್ಲಿನ ಆಸ್ಪತ್ರೆಯಲ್ಲಿ ಬಂದವರನ್ನು ನಗುನಗುತ್ತ ಕೂರಿಸುವ ಕೆಲಸದವಳು. ಇಬ್ಬರೂ ಹೊರಗೆ ದುಡಿಯುವವರಾದ್ದರಿಂದ ಮನೆಯಲ್ಲೇ ಕೂತು ಕೆಲಸ ಮಾಡುವ ಅಕ್ಕ ಬಂದದ್ದು ಅವರಿಗೆ ವರವೇ ಆಯಿತು. ಮಗು ಮಷೀನಿನ ಪಕ್ಕದಲ್ಲಿ ಮಗುಚಿತು, ಮಷೀನಿನ ಕಾಲು ಹಿಡಿದು ನಿಂತಿತು, ಚೂರು ಬಟ್ಟೆಯ ರಾಶಿಯಲ್ಲಿ ನಿದ್ದೆ ಹೋಯಿತು. ಆ ಕಾಲದಲ್ಲಿ ಯಾರಿಗೂ ಸೂಜಿಯಲ್ಲಾಗಲಿ ಕತ್ತರಿಯಲ್ಲಾಗಲಿ ದೋಷ ಕಾಣಲಿಲ್ಲ. ಗರಜು ಇರುವ ತನಕ ದೋಷ ಕಾಣುವುದಿಲ್ಲ.

ಕಟ್ಟಡದ ಮೇಲಂತಸ್ತಿನ ಆ ಮನೆಯಲ್ಲಿ ಹಿಂದಿನ ಕೋಣೆಗೆ ಒಂದು ದೊಡ್ಡ ಕಿಟಕಿ. ಎದುರಿಗೆ ಯಾವ ಗೋಡೆಯೂ ಇಲ್ಲದ್ದರಿಂದ ದಿನವಿಡೀ ಬೆಳಕು, ಆದರೆ ಬಿಸಿಲು ನೇರ ಬೀಳದು. ಕಪ್ಪು ಕೋಟಿಗೆ ಕಪ್ಪು ದಾರ ಹಾಕುವವರಿಗೆ ಇಂಥ ಬೆಳಕಿನ ಬೆಲೆ ಗೊತ್ತು. ಅತ್ತೆ ಮಷೀನನ್ನು ಅಲ್ಲಿ ಹಾಕಿಕೊಂಡಳು. ಕೆಳಗಿನ ಲಾಂಡ್ರಿಯವನು ಗಿರಾಕಿಗಳ ಬಟ್ಟೆಯನ್ನು ಗಿಡ್ಡ ಮಾಡುವುದು, ಉದ್ದ ಬಿಡುವುದು, ಹರಿದದ್ದನ್ನು ಕೂಡಿಸುವುದು ಎಲ್ಲವನ್ನೂ ಅವಳಿಗೇ ಕೊಡುತ್ತಿದ್ದ. ಅದೇ ಕೋಣೆಯ ಇನ್ನೊಂದು ಗೋಡೆಗೆ ಹುಡುಗಿಯ ಮಂಚ, ಓದುವ ಮೇಜು. ಅತ್ತೆಗೂ ಅಲ್ಲೇ ಹಾಸಿಗೆ. ಹೀಗೆ ಹುಡುಗಿ ಕಾಲೇಜಿಗೆ ಹೋಗುವ ತನಕ ನಡೆಯಿತು.

ಆಮೇಲೆ ಹುಡುಗಿ ಗಣಿತದಲ್ಲೂ ರಸಾಯನಶಾಸ್ತ್ರದಲ್ಲೂ ನಪಾಸಾದಳು. ಮುಂದೆ ಬರುವ ದೊಡ್ಡ ಪರೀಕ್ಷೆಯಲ್ಲೂ ಹೀಗೇ ಆದರೆ ಒಂದು ವರ್ಷ ಹೋದಂತೆಯೇ ಎಂದು ಕಾಲೇಜಿನವರು ಹೇಳಿ ಕಳಿಸಿದರು. ಅಪ್ಪ ಅಮ್ಮ ಕೂತು ಕಾರಣ ಹುಡುಕಿದರು. ಸಂಜೆಯಿಂದ ಮಲಗುವವರೆಗೆ ಹಾಲಿನಲ್ಲಿ ಟಿವಿ ಅರಚುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಟಿವಿ ಅರಚದಿದ್ದಾಗ ಗಂಡಹೆಂಡಿರು ಅರಚುತ್ತಾರೆ ಎಂಬುದಂತೂ ಹೊಳೆಯುವ ಮಾತೇ ಅಲ್ಲ. ಕೋಣೆಯಲ್ಲೇ ಏನೋ ಇದೆ ಎಂದು ತೀರ್ಮಾನವಾಯಿತು.

ಕೋಣೆಯಲ್ಲಿ ಏನಿದೆ ಎಂದು ಹೇಳಬಲ್ಲವರೊಬ್ಬರು ಆಗಲೇ ಹಲ್ಲಿನ ಆಸ್ಪತ್ರೆಗೆ ಬಂದು ಹೋಗುತ್ತಿದ್ದರು. ಮೊದಲು ಹಾಸಿಗೆ ದಿಂಬಿನ ಅಂಗಡಿಯಲ್ಲಿ ಮಾರಾಟಕ್ಕಿದ್ದವರು, ಯಾರ ಬಳಿಯೋ ಫೆಂಗ್ ಶೂಯಿ ಎಂಬ ಚೀನಾದ ವಾಸ್ತು ಕಲಿತು ಬಂದು, ಮನೆಮನೆಗೆ ಹೋಗಿ ಮಂಚ ತಿರುಗಿಸುವ ಕೆಲಸ ಹಿಡಿದಿದ್ದರು. ಜನ ಅವರನ್ನು ದಿಕ್ಕಿನ ಮೇಷ್ಟ್ರು ಎನ್ನುತ್ತಿದ್ದರು. ದವಡೆಗೆ ಮರಗಟ್ಟುವ ಸೂಜಿ ಚುಚ್ಚಿಸಿಕೊಂಡ ಮೇಲೂ ಮಾತು ನಿಲ್ಲಿಸದ ಮನುಷ್ಯ. ಆಸ್ಪತ್ರೆಯ ಸ್ವಾಗತದ ಮೇಜನ್ನೇ ತಿರುಗಿಸಿ ಹಾಕಿಸಿದ್ದರು. ತಮ್ಮನ ಹೆಂಡತಿ ಅವರನ್ನು ಮನೆಗೆ ಕರೆದಳು.

ಬಂದರು. ಬೂದು ಕೋಟು, ಕೈಯಲ್ಲಿ ಊಟದ ತಟ್ಟೆಯಷ್ಟು ಅಗಲದ ಕೆಂಪು ದಿಕ್ಸೂಚಿ. ಕೋಣೆಯ ಬಾಗಿಲಲ್ಲಿ ನಿಂತು ಮೂಗಿನಲ್ಲಿ ಉಸಿರೆಳೆದರು. ಮೊದಲು ಹೇಳಿದ್ದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ, ಅದನ್ನು ಒಪ್ಪಬೇಕು. ಓದುವವರಿಗೆ ಬಾಗಿಲು ಕಣ್ಣಿಗೆ ಬೀಳಬೇಕು, ಆದರೆ ಬಾಗಿಲ ನೇರಕ್ಕೆ ಕೂರಬಾರದು. ಬೆನ್ನ ಹಿಂದೆ ಗಟ್ಟಿ ಗೋಡೆ ಇರಬೇಕು. ಮಂಚದ ಅಡಿಯಲ್ಲಿ ಹಳೆ ಸಾಮಾನು ತುರುಕಬಾರದು. ಮಲಗಿದವರ ಮುಖ ಕನ್ನಡಿಯಲ್ಲಿ ಕಾಣಬಾರದು. ಮೇಜಿನ ಮೇಲೆ ಓದುವ ಪುಸ್ತಕ ಬಿಟ್ಟು ಬೇರೆ ಇರಬಾರದು. ಇದನ್ನು ಮನೆಯಲ್ಲಿ ಒಬ್ಬ ಅಜ್ಜಿ ಇದ್ದಿದ್ದರೆ ಅವಳೂ ಹೇಳುತ್ತಿದ್ದಳು, ಕೋಟು ಹಾಕದೆ.

ಆಮೇಲೆ ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅತ್ತೆ ಮಷೀನಿನ ಮುಂದೆ ಕೂತು ಶಾಲೆಯ ಅಂಗಿಯೊಂದಕ್ಕೆ ಕಾಲರು ತಿರುಗಿಸುತ್ತಿದ್ದಳು. ಅವಳನ್ನು ಏಳಿ ಎಂದೂ ಅನ್ನದೆ ದಿಕ್ಸೂಚಿಯನ್ನು ಮಷೀನಿನ ಹಲಗೆಯ ಮೇಲೆ ಇಟ್ಟರು. ಮುಳ್ಳು ನಡುಗಿತು. ಒಂದು ಸುತ್ತು ಹೊಡೆಯಿತು, ಮತ್ತೆ ನಡುಗಿತು. ಮೇಷ್ಟ್ರ ಮುಖ ಬೆಳಗಿತು. ನೋಡಿ, ಶಕ್ತಿ ಇಲ್ಲಿ ಹೇಗೆ ಕಲಕಿಹೋಗಿದೆ ಎಂದು ಗಂಡಹೆಂಡಿರಿಗೆ ತೋರಿಸಿದರು. ಸೂಜಿ, ಕತ್ತರಿ ಎಲ್ಲವೂ ವಿಷಬಾಣಗಳಂತೆ, ಮಗುವಿನ ಮೇಜಿಗೇ ಗುರಿಯಿಟ್ಟಿವೆಯಂತೆ. ಊರವರ ಅರ್ಧ ಹೊಲಿದ ಬಟ್ಟೆ ಇದ್ದ ಕಡೆ ಮಗುವಿನ ಓದೂ ಅರ್ಧಕ್ಕೇ ನಿಲ್ಲುತ್ತದಂತೆ. ಕೊನೆಗೆ ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿ ಹೇಳಿದರು: “ಬಟ್ಟೆ ಮಾತ್ರ ಅಲ್ಲ. ಬದುಕನ್ನೇ ಅರ್ಧಕ್ಕೆ ಬಿಟ್ಟು ಬಂದವರು ಮಕ್ಕಳು ಓದೋ ಕೋಣೇಲಿ ಮಲಗಬಾರದು.”

ಅತ್ತೆಯ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಇವರನ್ನು ಅವಳು ಜೀವಮಾನದಲ್ಲಿ ನೋಡಿದವಳಲ್ಲ. ಅವಳು ಎಲ್ಲಿಂದ ಏನನ್ನು ಬಿಟ್ಟು ಬಂದಳೆಂದು ದಿಕ್ಸೂಚಿ ಹೇಳಿತೇ? ಅವಳು ತಮ್ಮನ ಹೆಂಡತಿಯ ಮುಖ ನೋಡಿದಳು. ಆಕೆ ಕಿಟಕಿಯ ಪರದೆ ನೋಡುತ್ತಿದ್ದಳು. ತಮ್ಮನ ಮುಖ ನೋಡಿದಳು. ಅವನು ಕೈಯಲ್ಲಿದ್ದ ರಿಮೋಟಿನ ಗುಂಡಿಗಳನ್ನು ಎಣಿಸುತ್ತಿದ್ದ. ಮಾತು ಯಾರಿಂದ ಯಾರ ಬಾಯಿಗೆ ಹೋಯಿತೆಂದು ಕೇಳಿ ತಿಳಿಯುವ ಅಗತ್ಯ ಉಳಿಯಲಿಲ್ಲ. ಹುಡುಗಿ ಆ ಹೊತ್ತಿಗೆ ಕಾಲೇಜಿನಲ್ಲಿದ್ದಳು.

ಸಂಜೆಯೊಳಗೆ ಮಷೀನು ಬಚ್ಚಲಿಗೆ ಹೋಗುವ ಓಣಿಯಂಥ ಜಾಗಕ್ಕೆ ಬಂತು. ಅಲ್ಲಿ ಕಿಟಕಿ ಇಲ್ಲ. ತಲೆಯ ಮೇಲೆ ಒಂದು ಬಲ್ಬು, ಪಕ್ಕದಲ್ಲಿ ಬಿಸಿನೀರಿನ ಕೊಳವೆ. ಬಚ್ಚಲಿಗೆ ಹೋಗುವವರು ಅತ್ತೆಯ ಮೊಣಕಾಲು ದಾಟಬೇಕು, ಬರುವವರು ಒದ್ದೆ ಕಾಲಲ್ಲಿ ಬಟ್ಟೆಯ ರಾಶಿಯನ್ನು ತುಳಿಯದೆ ಬರಬೇಕು. ಯಾರೂ ತುಳಿಯದೆ ಬರಲಿಲ್ಲ. ಹಾಸಿಗೆ ಹಾಲಿಗೆ ಬಂತು, ಟಿವಿ ಆರಿದ ಮೇಲೆ ಬಿಚ್ಚಿಕೊಳ್ಳಬಹುದು ಎಂದು ತಮ್ಮನ ಹೆಂಡತಿ ಅಪ್ಪಣೆ ಕೊಟ್ಟಳು. ಮಗುವಿನ ಒಳ್ಳೆಯದಕ್ಕೆ ಅಲ್ವಾ ಅಕ್ಕ ಎಂದಳು. ಅತ್ತೆ ಹೌದಮ್ಮ ಎಂದಳು. ಅವಳನ್ನು ಬಲ್ಲವರು ಯಾರಾದರೂ ಅಲ್ಲಿದ್ದಿದ್ದರೆ ಆ ಹೌದಮ್ಮ ಕೇಳಿ ಬೆವರುತ್ತಿದ್ದರು.

ಲಾಂಡ್ರಿಯವನು ಬಟ್ಟೆ ತಂದು ಕೊಟ್ಟಾಗ ಓಣಿಯಲ್ಲಿ ಇಣುಕಿ, ಇದೇನು ಅಕ್ಕ, ಬಚ್ಚಲಿಗೆ ಕಾವಲು ಹಾಕಿದಾರಾ ಎಂದು ಕೇಳಿದ. ಅವಳು ನಗಲಿಲ್ಲ. ಕಪ್ಪು ಬಟ್ಟೆ ಇನ್ನು ತರಬೇಡ, ಇಲ್ಲಿ ಕಣ್ಣು ಕಾಣುವುದಿಲ್ಲ ಎಂದಳು. ಅವನ ಗಿರಾಕಿಗಳಲ್ಲಿ ಹೆಚ್ಚಿನವರದ್ದು ಕಪ್ಪು ಬಟ್ಟೆಯೇ. ಕಿಟಕಿ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಆ ಮನೆಯಲ್ಲಿ ಅವಳು ಅನ್ನಕ್ಕೆ ಕೈ ಒಡ್ಡುವ ಸಂಬಂಧಿಯಾಗುತ್ತಾಳೆ. ಅಷ್ಟು ದೂರದ ಲೆಕ್ಕ ತಮ್ಮನ ಹೆಂಡತಿಗೂ ಗೊತ್ತಿತ್ತು ಎಂದೇ ಅತ್ತೆ ನಂಬಿದಳು.

ಮೇಷ್ಟ್ರು ಹೋಗುವಾಗ ಹುಡುಗಿಗೆಂದು ಬೀಗದ ಕೈ ಗೊಂಚಲಿಗೆ ಹಾಕುವ ಪುಟ್ಟ ದಿಕ್ಸೂಚಿ ಕೊಟ್ಟು ಹೋಗಿದ್ದರು. ಹುಡುಗಿ ಅದನ್ನು ಕಾಲೇಜಿನ ಚೀಲಕ್ಕೆ ನೇತುಹಾಕಿಕೊಂಡಿದ್ದಳು. ಒಂದು ಸಂಜೆ ಚೀಲವನ್ನು ಮಷೀನಿನ ಪಕ್ಕ ಒಗೆದು ಬಚ್ಚಲಿಗೆ ಹೋದಳು. ಅತ್ತೆ ನೆಲಕ್ಕೆ ಉದುರಿದ ಗುಂಡುಸೂಜಿಗಳನ್ನು ಹೆಕ್ಕುತ್ತಿದ್ದಳು. ಈ ಕೆಲಸಕ್ಕೆ ದರ್ಜಿಗಳ ಬಳಿ ಒಂದು ಅಯಸ್ಕಾಂತ ಇರುತ್ತದೆ. ನೆಲದ ಮೇಲೆ ಆಡಿಸಿದರೆ ಸೂಜಿಗಳೆಲ್ಲ ಬಂದು ಅಂಟಿಕೊಳ್ಳುತ್ತವೆ. ಆಮೇಲೆ ಅದನ್ನು ಮಷೀನಿನ ಹಲಗೆಯ ಅಡಿಯ ಡ್ರಾಯರಿಗೆ ಹಾಕಿಡುವುದು. ಕೈ ಚೀಲದ ಹತ್ತಿರ ಹೋದಾಗ ಪುಟ್ಟ ಮುಳ್ಳು ಸರ್ರನೆ ತಿರುಗಿ ಅವಳ ಕಡೆ ನೋಡಿತು. ಕೈಯನ್ನು ಆಚೆ ಒಯ್ದಳು, ಆಚೆ ತಿರುಗಿತು. ಈಚೆ ತಂದಳು, ಈಚೆ ಬಂತು. ಸಾಕಿದ ನಾಯಿಯ ಹಾಗೆ.

ಮೇಷ್ಟ್ರ ಮುಳ್ಳನ್ನು ಕಲಕಿದ್ದು ಅವಳ ಬದುಕಲ್ಲ, ಡ್ರಾಯರಿನೊಳಗಿದ್ದ ಸೂಜಿ ಹೆಕ್ಕುವ ಅಯಸ್ಕಾಂತ. ಬೇರೆಯವರಾಗಿದ್ದರೆ ಅಲ್ಲೇ ಕೂಗಿ ಮನೆಯವರನ್ನು ಸೇರಿಸಿ ತೋರಿಸುತ್ತಿದ್ದರು. ತೋರಿಸಿದ್ದರೆ ಏನಾಗುತ್ತಿತ್ತು? ಓಹೋ ಹೌದಾ ಎನ್ನುತ್ತಿದ್ದರು. ಮಷೀನನ್ನು ಗೊಣಗುತ್ತ ಮತ್ತೆ ಒಳಗೆ ಇಡುತ್ತಿದ್ದರು. ಅರ್ಧ ಬದುಕಿನ ಮಾತು ಹಾಗೇ ಉಳಿಯುತ್ತಿತ್ತು, ಅದನ್ನು ಹೇಳಿಸಿದವಳು ಹಾಗೇ ನಗುನಗುತ್ತ ಜನರನ್ನು ಕೂರಿಸುತ್ತಿದ್ದಳು. ಅತ್ತೆಗೆ ಬೇಕಾಗಿದ್ದು ಓಹೋ ಅಲ್ಲ. ಅವಳು ಅಯಸ್ಕಾಂತವನ್ನು ಸೂಜಿಗಳ ಸಮೇತ ಡ್ರಾಯರಿಗೆ ಹಾಕಿ ಮುಚ್ಚಿದಳು.

ಅವಕಾಶ ತಾನಾಗಿ ಮನೆ ಬಾಗಿಲಿಗೆ ಬಂತು. ದಿಕ್ಕಿನ ಮೇಷ್ಟ್ರು ತಮ್ಮ ಬೂದು ಕೋಟನ್ನು ತಮ್ಮನ ಹೆಂಡತಿಯ ಕೈಲಿ ಕಳಿಸಿದರು. ತೋಳು ಒಂದಿಷ್ಟು ಉದ್ದವಂತೆ, ಕೋಟಿನ ಮುಂಭಾಗ ಗಾಳಿಗೆ ಹಾರುತ್ತದಂತೆ, ಹೇಗೂ ಮನೆಯಲ್ಲೇ ಹೊಲಿಯುವವರು ಇದ್ದಾರಲ್ಲ ಎಂದು ಹೇಳಿ ಕಳಿಸಿದ್ದರು. ಗಮನಿಸಬೇಕು: ಮಗುವಿನ ಪಕ್ಕದಲ್ಲಿದ್ದಾಗ ವಿಷಬಾಣವಾಗಿದ್ದ ಸೂಜಿ ಮೇಷ್ಟ್ರ ಕೋಟಿಗೆ ಬಂದಾಗ ಸೂಜಿಯೇ ಆಯಿತು. ಇಂಥವರ ಶಾಸ್ತ್ರಗಳೆಲ್ಲ ಅವರವರ ಕೋಟಿನ ಅಂಚಿಗೆ ಬಂದು ನಿಂತುಬಿಡುತ್ತವೆ.

ಹಾರುವ ಕೋಟಿಗೆ ಒಂದು ಉಪಾಯ ಉಂಟು. ಅಂಚಿನ ಮಡಿಕೆಯೊಳಗೆ ಸಣ್ಣ ತೂಕದ ಬಿಲ್ಲೆಗಳನ್ನು ಇಟ್ಟು ಹೊಲಿದರೆ ಕೋಟು ನೆಟ್ಟಗೆ ಇಳಿಬೀಳುತ್ತದೆ. ಅತ್ತೆ ಲಾಂಡ್ರಿಯವನ ಮೂಲಕ ರೇಡಿಯೋ ರಿಪೇರಿ ಅಂಗಡಿಯಿಂದ ಹಳೆ ಸ್ಪೀಕರುಗಳ ಅಯಸ್ಕಾಂತ ತರಿಸಿದಳು. ಏನಕ್ಕೆ ಅಕ್ಕ ಎಂದು ಅವನು ಕೇಳಿದ್ದಕ್ಕೆ, ಒಬ್ಬರಿಗೆ ತೂಕ ಕಡಿಮೆಯಾಗಿದೆ, ಹೆಚ್ಚಿಸಬೇಕು ಎಂದಳು. ಎಡಕ್ಕೊಂದು ಬಲಕ್ಕೊಂದು, ಬಟ್ಟೆಯಲ್ಲಿ ಸುತ್ತಿ, ಮಡಿಕೆಯೊಳಗೆ ಕೂರಿಸಿ, ಬಲ್ಬಿನ ಬೆಳಕಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಹೊಲಿಗೆ ಕಾಣದ ಹಾಗೆ ಹೊಲಿದಳು. ಮೇಷ್ಟ್ರು ಕೋಟು ತೊಟ್ಟು ಕನ್ನಡಿ ನೋಡಿ, ಪರವಾಗಿಲ್ಲ, ಕೈಯಲ್ಲಿ ಕಸುಬು ಇದೆ ಎಂದರಂತೆ.

ಹುಡುಗಿಯ ಅಂಕಗಳು ಏರಲಿಲ್ಲ. ಏರುವುದಕ್ಕೆ ಟಿವಿಯೇನೂ ನಿಂತಿರಲಿಲ್ಲ. ಕಾಲೇಜಿನ ಇನ್ನೊಂದು ಪರೀಕ್ಷೆಯಲ್ಲೂ ಗಣಿತ ಕೈಕೊಟ್ಟಾಗ ತಮ್ಮನ ಹೆಂಡತಿ ಮೇಷ್ಟ್ರನ್ನು ಮತ್ತೆ ಕರೆಸಿದಳು. ಈ ಸಲ ಬೂದು ಕೋಟು ಗಾಳಿಗೆ ಅಲ್ಲಾಡುತ್ತಿರಲಿಲ್ಲ. ದಿಕ್ಸೂಚಿಯನ್ನು ಹೊಟ್ಟೆಯ ಮುಂದೆ ಹಿಡಿದುಕೊಂಡು ಹಾಲಿಗೆ ಕಾಲಿಟ್ಟರು. ಮುಳ್ಳು ಹುಚ್ಚೆದ್ದು ಕುಣಿಯಿತು.

ಮುಳ್ಳು ನಡುಗಿದ ಜಾಗ ಕೆಟ್ಟದ್ದು ಎಂದು ಅವರೇ ಹೇಳಿಯಾಗಿತ್ತು. ಈಗ ಹಿಂದೆ ಸರಿಯುವಂತಿರಲಿಲ್ಲ. ತಮ್ಮನ ಒರಗುಕುರ್ಚಿಯ ಹತ್ತಿರ ಹೋದರು, ನಡುಗಿತು. ಗೋದಾಮಿನಿಂದ ಬಂದವನೇ ಅವನು ಬಿದ್ದುಕೊಳ್ಳುತ್ತಿದ್ದ ಕುರ್ಚಿ, ಹಾಲಿನ ಕಿಟಕಿಯ ಪಕ್ಕ ಅರ್ಧ ಗೋಡೆ ತಿನ್ನುತ್ತಿತ್ತು. ಅತ್ತೆ ಬಾಗಿಲಿಗೆ ಒರಗಿ ನಿಂತು, ಅದರ ಮೂಲೆ ಮಗುವಿನ ಕೋಣೆಗೇ ನೆಟ್ಟಗೆ ಗುರಿಯಿಟ್ಟ ಹಾಗಿದೆ ಅಲ್ವಾ ಮೇಷ್ಟ್ರೇ ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರು ಹೌದೆಂದರು. ಕುರ್ಚಿ ಹೋಗಬೇಕಾಯಿತು. ಟಿವಿಯ ಮುಂದೆ ನಡುಗಿತು. ಪರೀಕ್ಷೆ ಮುಗಿಯುವ ತನಕ ಅದನ್ನು ಹೊದಿಕೆ ಹಾಕಿ ಗೋಡೆಗೆ ತಿರುಗಿಸಬೇಕಾಯಿತು. ತಮ್ಮನ ಹೆಂಡತಿಯ ಆಳೆತ್ತರದ ಕನ್ನಡಿಯ ಮುಂದೆ ಮುಳ್ಳು ಗಿರಗಿರನೆ ಸುತ್ತಿತು. ಮಗುವಿನ ಓದನ್ನೆಲ್ಲ ಇದೇ ನುಂಗುತ್ತಾ ಇರಬೇಕು ಎಂದು ಅತ್ತೆ ನಿಟ್ಟುಸಿರಿಟ್ಟಳು. ಕನ್ನಡಿಯೂ ಹೋಗಬೇಕಾಯಿತು, ಗಂಡಹೆಂಡಿರು ಬೇಡ ಎನ್ನುವಂತಿರಲಿಲ್ಲ. ಮಗಳ ಓದಿಗಿಂತ ಕನ್ನಡಿ ಹೆಚ್ಚೇ ಎಂದು ಕೇಳಲು ಅಕ್ಕ ಅಲ್ಲೇ ನಿಂತಿದ್ದಳಲ್ಲ.

ಕಿಟಕಿಯ ಕೋಣೆಯಲ್ಲೂ ಮುಳ್ಳು ನಡುಗಿತು. ಮೇಷ್ಟ್ರ ಹಣೆಯಲ್ಲಿ ಬೆವರು ಬಂತು. ಹಾಗಾದರೆ ಮನೆಯಲ್ಲಿ ಒಳ್ಳೆಯ ಜಾಗವೇ ಇಲ್ಲವೇ ಎಂದು ತಮ್ಮನ ಹೆಂಡತಿ ಕೇಳಿದಾಗ ಅವರು ಓಣಿಯ ಕಡೆ ನಡೆದರು. ನೆಲ ಒದ್ದೆ ಇದೆ, ನೀವು ಅಲ್ಲೇ ನಿಲ್ಲಿ, ಆ ತಟ್ಟೆ ಇಲ್ಲಿ ಕೊಡಿ ಎಂದು ಅತ್ತೆ ದಿಕ್ಸೂಚಿಯನ್ನು ಇಸಿದುಕೊಂಡು, ಓಣಿಯ ಆ ತುದಿಯಲ್ಲಿ, ಮಷೀನಿಗೂ ಮೇಷ್ಟ್ರಿಗೂ ದೂರದಲ್ಲಿ, ಒಂದು ಮಣೆಯ ಮೇಲೆ ಇಟ್ಟಳು. ಮುಳ್ಳು ಒಂದೇ ಸಲ ತೂಗಿ, ನೆಟ್ಟಗೆ ನಿಂತಿತು. ಅತ್ತೆಗೆ ಬೇಕಾಗಿದ್ದು ಅಷ್ಟೇ. ಅವಳು ಕೂತ ಜಾಗವೇ ಈ ಮನೆಯಲ್ಲಿ ಶುದ್ಧ ಎಂದು ಆ ಬಾಯಿಂದಲೇ ಬರಬೇಕು.

ಬಂತು. ಆದರೆ ಅದರ ಹಿಂದೆಯೇ ಇನ್ನೊಂದು ಮಾತೂ ಬಂತು. ಹಾಗಿದ್ದರೆ ಮಗು ಇಲ್ಲೇ ಕೂತು ಓದಲಿ ಎಂದರು ಮೇಷ್ಟ್ರು.

ಆ ಸಂಜೆ ಹುಡುಗಿಯ ಮೇಜು ಓಣಿಗೆ ಬಂತು, ಅಲ್ಲಿ ಎರಡಕ್ಕೂ ಜಾಗವಿಲ್ಲದ್ದರಿಂದ ಮಷೀನು ಮತ್ತೆ ಕಿಟಕಿಗೆ ಹೋಯಿತು. ಒರಗುಕುರ್ಚಿ ಇಳಿದು ಲಾಂಡ್ರಿಯವನ ಅಂಗಡಿ ಸೇರಿತು, ಇಸ್ತ್ರಿಯ ನಡುವೆ ಅವನು ಅದರಲ್ಲಿ ಕಾಲು ಚಾಚತೊಡಗಿದ. ತಮ್ಮನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಗೋಡೆಗೆ ತಿರುಗಿದ ಟಿವಿಯ ಬೆನ್ನು ನೋಡುತ್ತಿದ್ದ. ಅವನ ಹೆಂಡತಿ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಮುಖ ನೋಡಿಕೊಂಡು, ಒಂದು ಕೆನ್ನೆ ಅಗಲ ಒಂದು ಕೆನ್ನೆ ಉದ್ದ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಅತ್ತೆ ಕಿಟಕಿಯಲ್ಲಿ ಕೂತು ಕಪ್ಪು ಕೋಟುಗಳನ್ನು ಹೊಲಿದಳು. ಬಹಳ ದಿನಗಳ ಮೇಲೆ ಅವಳು ಮೂಗಿನಲ್ಲೇ ಏನೋ ಗುನುಗಿದ್ದನ್ನು ಲಾಂಡ್ರಿಯವನು ಕೇಳಿಸಿಕೊಂಡಿದ್ದಾನೆ. ಹಗೆ ತೀರಿಸಿಕೊಂಡವರ ನೆಮ್ಮದಿ ದೊಡ್ಡದು. ಅದಿಲ್ಲ ಎಂದು ಹೇಳುವವರು ಯಾರ ಕೈಯಲ್ಲೂ ನೋವುಂಡವರಲ್ಲ.

ಓಣಿಯ ಕಡೆ ಮಾತ್ರ ಅವಳು ನೋಡುತ್ತಿರಲಿಲ್ಲ. ಬಚ್ಚಲಿಗೆ ಹೋಗುವಾಗ ಬೇರೆಯವರ ಹಾಗೆಯೇ ಅವಳೂ ಹುಡುಗಿಯ ಮೊಣಕಾಲು ದಾಟಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಹುಡುಗಿ ಕಾಲೇಜಿನಿಂದ ಬೇಗ ಬಂದು, ಮಷೀನಿನ ಎದುರು ಮಂಚದ ಅಂಚಿನಲ್ಲಿ ಕೂತಳು. ಭೌತಶಾಸ್ತ್ರದಲ್ಲಿ ಅವಳು ಯಾವತ್ತೂ ನಪಾಸಾದವಳಲ್ಲ. ಚೀಲದ ದಿಕ್ಸೂಚಿಯನ್ನು ಬಿಚ್ಚಿ ಹಲಗೆಯ ಮೇಲೆ ಇಟ್ಟಳು, ಡ್ರಾಯರು ಎಳೆದಳು, ಮುಳ್ಳು ತಿರುಗುವುದನ್ನು ನೋಡಿದಳು, ಡ್ರಾಯರು ಮುಚ್ಚಿದಳು.

“ಮೇಷ್ಟ್ರ ಕೋಟಲ್ಲೂ ಇದೆ ಅಲ್ವಾ ಅತ್ತೆ? ಅವರು ತಿರುಗಿದ ಕಡೆಗೆಲ್ಲ ಮುಳ್ಳು ತಿರುಗುತ್ತಿತ್ತು ಅಂತ ಅಪ್ಪ ಹೇಳಿದ್ರು. ಅಪ್ಪಂಗೆ ಅದು ಪವಾಡ.”

ಅತ್ತೆ ಅಲ್ಲಗಳೆಯಲಿಲ್ಲ. ನಿನ್ನಮ್ಮ ನನ್ನ ಬಗ್ಗೆ ಏನೆಂದು ಹೇಳಿಸಿದಳು ಗೊತ್ತೇ ಎಂದು ಶುರು ಮಾಡಿದಳು. ಹುಡುಗಿಗೆ ಗೊತ್ತಿತ್ತು. ಅದಕ್ಕೆ ಅಮ್ಮನ ಜೊತೆ ಮಾತು ಬಿಟ್ಟಿದ್ದೇನೆ, ನೀನು ಗಮನಿಸಲಿಲ್ಲ ಎಂದಳು. ಆಮೇಲೆ ಒಂದು ದಾರದ ಚೂರನ್ನು ಬೆರಳಿಗೆ ಸುತ್ತುತ್ತ ಕೂತು, ಕೊನೆಗೆ ಹೇಳಿಬಿಟ್ಟಳು.

“ಮಷೀನಿನ ಸದ್ದು ನಂಗೆ ಕಷ್ಟ ಆಗ್ತಿತ್ತು ಅತ್ತೆ, ಅದು ನಿಜ. ಆದ್ರೆ ನಿನ್ನನ್ನ ಆಚೆ ಹಾಕಿ ಅಂತ ನಾನು ಯಾರಿಗೂ ಹೇಳಲಿಲ್ಲ. ಯಾರೂ ನನ್ನನ್ನ ಕೇಳ್ಲಿಲ್ಲ. ಅಮ್ಮ ಕೇಳ್ಲಿಲ್ಲ, ಮೇಷ್ಟ್ರು ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ. ಈಗ ನಾನು ಬಚ್ಚಲ ಬಾಗಿಲಲ್ಲಿ ಕೂತು ಓದ್ತಿದೀನಿ.”

ಅತ್ತೆ ಪೆಡಲಿನಿಂದ ಕಾಲು ತೆಗೆದಳು. ತನ್ನನ್ನು ಸಾಮಾನಿನಂತೆ ಎತ್ತಿಟ್ಟರೆಂದು ಕುದಿಯುತ್ತಿದ್ದವಳು, ತಾನು ಎತ್ತಿ ಆಡಿಸಿದ ಸಾಮಾನುಗಳ ಸಾಲಿನಲ್ಲಿ ಈ ಹುಡುಗಿಯೂ ಇದ್ದಾಳೆಂದು ನೋಡಿರಲಿಲ್ಲ. ಕೇಳದೆ ಎತ್ತಿಡುವುದರಲ್ಲಿ ಅವಳೂ ಮೇಷ್ಟ್ರೂ ಒಂದೇ. ಹುಡುಗಿಯನ್ನು ಬೆಳಕಿಗೆ ತರಬೇಕಾದರೆ ಕೋಟಿನ ಗುಟ್ಟು ಬಿಚ್ಚಬೇಕು. ಬಿಚ್ಚಿದರೆ ಕುರ್ಚಿ ಬರುತ್ತದೆ, ಕನ್ನಡಿ ಬರುತ್ತದೆ, ಮೋಸಗಾತಿ ಎಂದು ಅವಳನ್ನೇ ಮನೆಯಿಂದ ಆಚೆ ಹಾಕಲು ಒಳ್ಳೆಯ ಕಾರಣವೂ ಸಿಗುತ್ತದೆ. ಅವಳು ಬಿಚ್ಚುವುದೆಂದು ನಿಶ್ಚಯಿಸಿದಳು. ಆದರೆ ಮೂಲೆಯಲ್ಲಿ ಕೂತು, ತಪ್ಪಾಯಿತು ಎಂದು ಕಣ್ಣೊರೆಸುತ್ತ ಬಿಚ್ಚುವವಳಲ್ಲ.

ಮೇಷ್ಟ್ರಿಗೆ ಆ ಹೊತ್ತಿಗೆ ಗ್ರಹಚಾರ ಶುರುವಾಗಿತ್ತು. ಹೋದ ಮನೆಯಲ್ಲೆಲ್ಲ ಮುಳ್ಳು ಕುಣಿಯುತ್ತಿತ್ತು, ಎಲ್ಲ ಕೋಣೆಯೂ ಕೆಟ್ಟದ್ದೆನ್ನಬೇಕಾಗಿತ್ತು, ಜನ ಮುಖ ಸಿಂಡರಿಸುತ್ತಿದ್ದರು. ತಮ್ಮ ಚಿಕಿತ್ಸೆಯಿಂದ ಶುದ್ಧವಾದ ಒಂದು ಮನೆಯನ್ನಾದರೂ ತೋರಿಸೋಣವೆಂದು ರಜೆಯ ದಿನ ಬೆಳಿಗ್ಗೆ ಕೆಳಗಿನಂತಸ್ತಿನ ದಂಪತಿಯನ್ನು ಕರೆದುಕೊಂಡು ಬಂದರು. ತಮ್ಮನ ಹೆಂಡತಿ ಹೊಸ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ ನಗುನಗುತ್ತ ಕೂರಿಸಿದಳು.

ಅತ್ತೆ ಕೈಯಲ್ಲಿ ಕತ್ತರಿ ಹಿಡಿದು ಬಂದಳು. ಮೇಷ್ಟ್ರೇ, ಕೋಟಿನ ಅಂಚು ಬಿಟ್ಟಿದೆ, ಹೀಗೆ ಬನ್ನಿ ಎಂದಳು. ಅವರು ಮಾತಿನ ನಡುವೆಯೇ ಕೋಟು ಬಿಚ್ಚಿ ಕೊಟ್ಟರು. ಅವಳು ಎಲ್ಲರ ಮುಂದೆ ಅಂಚಿನ ದಾರ ಕಚಕ್ಕನೆ ಕತ್ತರಿಸಿ ಎಳೆದಳು. ಎರಡು ಕಪ್ಪು ಬಿಲ್ಲೆಗಳು ಅಂಗೈಗೆ ಬಿದ್ದವು. ದಿಕ್ಸೂಚಿಯನ್ನು ಸ್ಟೂಲಿನ ಮೇಲಿಟ್ಟು, ಬಿಲ್ಲೆಗಳನ್ನು ಹತ್ತಿರ ತಂದಳು, ದೂರ ಒಯ್ದಳು. ಮುಳ್ಳು ಬಂತು, ಹೋಯಿತು. ಆಮೇಲೆ ತನ್ನ ಡ್ರಾಯರಿನ ಅಯಸ್ಕಾಂತವನ್ನೂ ತಂದು ಆಡಿಸಿ ತೋರಿಸಿದಳು. ನಾನೇ ಹೊಲಿದದ್ದು, ಬೇಕೆಂದೇ ಹೊಲಿದದ್ದು ಎಂದಳು. ಕೆಳಗಿನ ಮನೆಯಾತ ತಡೆಯಲಾರದೆ ನಕ್ಕುಬಿಟ್ಟ. ಮೇಷ್ಟ್ರು ಕೋಟು ತೊಡಲು ಹೋಗಿ, ಜೋತಾಡುವ ಅಂಚು ನೋಡಿ, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದರು. ದಿಕ್ಸೂಚಿಯನ್ನು ಮರೆತು ಹೋದರು. ಅದನ್ನು ಕೇಳಿಕೊಂಡು ಇವತ್ತಿಗೂ ಬಂದಿಲ್ಲ.

ತಮ್ಮ ಈಗ ಬಾಯಿ ತೆರೆದ. ಎಂಥ ಕೆಲಸ ಮಾಡಿದೆ ಅಕ್ಕ, ನಮ್ಮ ಮರ್ಯಾದೆ ಏನಾಗಬೇಕು ಎಂದ. ಅತ್ತೆ ಅವನ ಕಡೆ ತಿರುಗಲಿಲ್ಲ. ಕೆಳಗಿನ ಮನೆಯವರು ಏಳಲು ಹೊರಟಾಗ ಕೂತಿರಿ ಎಂದು ಕೈಸನ್ನೆ ಮಾಡಿ, ತಮ್ಮನ ಹೆಂಡತಿಯನ್ನು ಕೇಳಿದಳು: “ಅರ್ಧಕ್ಕೆ ಬಿಟ್ಟು ಬಂದ ಬದುಕು ಅಂತ ಆ ಮನುಷ್ಯನಿಗೆ ಯಾರಮ್ಮ ಹೇಳಿದ್ದು?”

ಕೆಲಸದ ನಗು ತಮ್ಮನ ಹೆಂಡತಿಯ ಮುಖದಿಂದ ಮೆಲ್ಲಗೆ ಇಳಿಯಿತು. “ನಾನೇ ಹೇಳಿದ್ದು. ಎದುರಿಗೆ ಹೇಳೋ ಧೈರ್ಯ ಇರಲಿಲ್ಲ, ಅವರ ಬಾಯಲ್ಲಿ ಹೇಳಿಸಿದೆ. ನನ್ನ ಮಗಳು ಮಾತು ಕಲಿತಾಗ ಮೊದಲು ಅತ್ತೆ ಅಂದಳು, ಆಮೇಲೆ ಅಮ್ಮ ಅಂದಳು. ನಿಮಗೆ ಅದು ನೆನಪಿಲ್ಲ. ನನಗಿದೆ.”

ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆಡಿರದ ನಿಜದ ಮಾತು ಅದು. ಅತ್ತೆಗೆ ಅದು ನಾಟಿತು. ನಾಟಿದ್ದನ್ನು ತೋರಿಸಲಿಲ್ಲ. ನಾಟಿತು ಎಂದ ಮಾತ್ರಕ್ಕೆ ಓಣಿಯ ಒದ್ದೆ ನೆಲ ಒಣಗುವುದಿಲ್ಲ. ಕಿಟಕಿಯ ಕೋಣೆ ಹುಡುಗಿಯದು, ಅವಳ ಮೇಜು ಎಲ್ಲಿರಬೇಕೆಂದು ಅವಳೇ ಹೇಳುತ್ತಾಳೆ ಎಂದಳು. ಹುಡುಗಿ ಮೇಜನ್ನು ಬೆಳಕಿಗೆ ಅಡ್ಡಲಾಗಿ, ಬೆನ್ನಿಗೆ ಗೋಡೆ ಕೊಟ್ಟು ಹಾಕಿಸಿಕೊಂಡಳು. ಬಾಗಿಲು ಕಾಣುತ್ತಿತ್ತು, ಬೇಕಾದಾಗ ಅದನ್ನು ಮುಚ್ಚಲು ಒಂದು ಚಿಲಕವನ್ನೂ ಕೇಳಿ ಹಾಕಿಸಿಕೊಂಡಳು.

ಮಷೀನು ಎಲ್ಲಿಗೆ ಎಂದು ತಮ್ಮ ಕೇಳುವಷ್ಟರಲ್ಲಿ ಅತ್ತೆ ಅದನ್ನು ಹಾಲಿಗೆ ಉರುಳಿಸಿ ತಂದಿದ್ದಳು. ಒರಗುಕುರ್ಚಿ ಎದ್ದುಹೋದ ಕಿಟಕಿಯ ಪಕ್ಕ, ಬಾಗಿಲು ತೆರೆದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, ನಿಲ್ಲಿಸಿದಳು. ಇದನ್ನು ಎತ್ತಬೇಕೆಂದರೆ ನನ್ನನ್ನು ಮೊದಲು ಎತ್ತಿ, ಕೆಳಗಿನ ಮನೆಯವರು ಸಾಕ್ಷಿಗೆ ಇರಲಿ ಎಂದಳು. ಯಾರೂ ಎತ್ತಲಿಲ್ಲ. ಅವಳು ಹೊಲಿಯುವಾಗ ಟಿವಿ ಹಾಕಿದರೆ ಮಷೀನಿನ ಸದ್ದಿಗೆ ಏನೂ ಕೇಳುವುದಿಲ್ಲ, ಹಾಗಾಗಿ ಟಿವಿ ಹೆಚ್ಚು ಹೊತ್ತು ಆರಿಯೇ ಇರುತ್ತದೆ. ಕನ್ನಡಿ ಮರಳಿ ಬಂತು. ಆಸ್ಪತ್ರೆಯ ಗೆಳತಿಯರು ಬಂದಾಗ ತಮ್ಮನ ಹೆಂಡತಿ ಚಹಾ ಕೊಡುತ್ತ, ಇವರು ನಮ್ಮ ಯಜಮಾನರ ಅಕ್ಕ ಎಂದು ಹೇಳಲೇಬೇಕಾಗುತ್ತದೆ. ಹೇಳುವ ತನಕ ಅತ್ತೆ ಪೆಡಲು ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಾಳೆ.

ಹುಡುಗಿ ಗಣಿತದಲ್ಲಿ ಹೇಗೋ ದಡ ಸೇರಿದಳು, ರಸಾಯನಶಾಸ್ತ್ರವನ್ನು ಮತ್ತೊಮ್ಮೆ ಬರೆಯುತ್ತಿದ್ದಾಳೆ.

ಮೊನ್ನೆ ಲಾಂಡ್ರಿಯವನು ಪ್ಯಾಂಟುಗಳ ಗಂಟು ಬಿಚ್ಚುತ್ತ, ಆಯ್ತಲ್ಲ ಅಕ್ಕ, ಬೇಕಾದ್ದು ಸಿಕ್ಕಿತು, ಇನ್ನಾದರೂ ತಮ್ಮನನ್ನೂ ಅವನ ಹೆಂಡತಿಯನ್ನೂ ಕ್ಷಮಿಸಿಬಿಡಬಾರದೇ ಎಂದು ಕೇಳಿದ. ಅತ್ತೆ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಗೆ ಪೋಣಿಸಿದಳು.

“ಅವರಿನ್ನೂ ಕೇಳೇ ಇಲ್ವಲ್ಲೋ” ಎಂದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು. ಆ ಪ್ಯಾಂಟು ಎಷ್ಟು ಗಿಡ್ಡ ಮಾಡಬೇಕೆಂದು ಅವಳು ಅವನನ್ನು ಕೇಳಿದಳು.